ಪಾಲಿಮರ್ ಅಯಾನಿನ ತೂಕ, ಪಾಲಿಮರ್ ಅಯಾನಿನ ಮೈಕಟ್ಟು: ಅಯಾನ್ ಮೊಬಿಲಿಟಿ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹಂತ ಹಂತದ ಮಾರ್ಗದರ್ಶಿ

ಮುಂಗಾರು ಹತ್ತಿರ ಬಂತು ಅಂದರೆ ಕೊಡಗಿನ ಕಾಫಿ ತೋಟಗಳಲ್ಲಿ ಶಿಲೀಂಧ್ರ ರೋಗಕ್ಕೆ ಬೋರ್ಡೋ ಸ್ಪ್ರೇ ಶುರು. 200 ಲೀಟರ್ ಬ್ಯಾರಲ್‌ಗೆ ಎರಡು ಕೆ.ಜಿ. ಮೈಲುತುತ್ತ, ಎರಡು ಕೆ.ಜಿ. ಸುಣ್ಣ, ಜೊತೆಗೆ ಮದ್ದು ಎಲೆಗೆ ಅಂಟಿ ನಿಲ್ಲಲು ಒಂದಿಷ್ಟು ಸ್ಟಿಕ್ಕರ್. ಮೈಲುತುತ್ತ ಏನು, ಸುಣ್ಣ ಏನು ಅಂತ ಎಲ್ಲರಿಗೂ ಗೊತ್ತು. ಸ್ಟಿಕ್ಕರ್ ಬಾಟಲಿಯೊಳಗೆ ಏನಿದೆ? ಲೇಬಲ್ ಮೇಲೆ ಎಷ್ಟೋ ಸಲ ‘ನಾನ್ ಅಯಾನಿಕ್ ಸರ್ಫ್ಯಾಕ್ಟಂಟ್’ ಅಂತಷ್ಟೇ ಇರುತ್ತದೆ. ಆ ಹೆಸರಿನ ಹಿಂದೆ ಇರುವುದು ಬಹಳ ಸಲ ಎಥಿಲೀನ್ ಆಕ್ಸೈಡಿನ ಸರಪಳಿ. ಅಂದರೆ ಒಂದು ಸಣ್ಣ ಪಾಲಿಮರ್.

ಇಂಥ ಪಾಲಿಮರನ್ನು ಬಿಡಿಸಿ ನೋಡುವ ಒಂದು ಒಳ್ಳೆಯ ದಾರಿ ಅಯಾನ್ ಮೊಬಿಲಿಟಿ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್. ನಮ್ಮ ಜಿಲ್ಲೆಯ ಎಂ.ಎಸ್ಸಿ. ರಸಾಯನಶಾಸ್ತ್ರದ ಹುಡುಗ ಹುಡುಗಿಯರು ‘ಸರ್, ಅದೆಲ್ಲ ಬೆಂಗಳೂರಿನವರಿಗೆ’ ಅಂತ ಕೈಬಿಡುತ್ತಾರೆ. ಯಂತ್ರ ಅಲ್ಲಿರಬಹುದು. ಆದರೆ ಈ ಕೆಲಸದಲ್ಲಿ ಯಂತ್ರದ ಮುಂದೆ ಕೂರುವುದು ಅರ್ಧ ದಿನದ ಮಾತು. ಅದಕ್ಕೆ ಮುಂಚಿನ ತಯಾರಿ, ಆಮೇಲಿನ ಲೆಕ್ಕ ಎರಡನ್ನೂ ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಕೂತು ಮಾಡಬಹುದು. ಈ ಬರಹದಲ್ಲಿ ಜಾಸ್ತಿ ಜಾಗ ಆ ಎರಡಕ್ಕೇ ಕೊಟ್ಟಿದ್ದೇನೆ.

ಮೊದಲು, ಯಂತ್ರ ಮಾಡುವುದೇನು?

ಮಾಸ್ ಸ್ಪೆಕ್ಟ್ರೋಮೀಟರ್ ಅಯಾನಿನ, ಅಂದರೆ ಚಾರ್ಜ್ ಇರುವ ಅಣುವಿನ, ಮಾಸನ್ನು (ದ್ರವ್ಯರಾಶಿಯನ್ನು) ಅದರ ಚಾರ್ಜಿನಿಂದ ಭಾಗಿಸಿ ತೋರಿಸುತ್ತದೆ. ಇದನ್ನು ಎಂ/ಜೆಡ್ ಅನ್ನೋಣ. ಸಕ್ಕರೆಯಂಥ ಒಂದೇ ಅಣು ಆದರೆ ಇಷ್ಟು ಸಾಕು. ಪಾಲಿಮರ್ ಹಾಗಲ್ಲ. ಒಂದೇ ಬಾಟಲಿಯಲ್ಲಿ 15 ಕೊಂಡಿಯ ಸರಪಳಿ, 16 ಕೊಂಡಿಯದು, 40 ಕೊಂಡಿಯದು ಎಲ್ಲವೂ ಇರುತ್ತವೆ. ಪ್ರತಿಯೊಂದೂ ಒಂದು, ಎರಡು, ಮೂರು ಸೋಡಿಯಂ ಹಿಡಿದುಕೊಂಡು ಬರಬಹುದು. ಸ್ಪೆಕ್ಟ್ರಂ ಎಂಬ ಗ್ರಾಫಿನಲ್ಲಿ ಇವುಗಳ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಾಡಿನಂತೆ ಕಾಣುತ್ತದೆ.

ಅಯಾನ್ ಮೊಬಿಲಿಟಿ ಇದಕ್ಕೆ ಇನ್ನೊಂದು ಅಳತೆ ಸೇರಿಸುತ್ತದೆ. ನೈಟ್ರೋಜನ್ ಅಥವಾ ಹೀಲಿಯಂ ತುಂಬಿದ ಕೊಳವೆಯೊಳಗೆ ಅಯಾನುಗಳನ್ನು ವಿದ್ಯುತ್ ಕ್ಷೇತ್ರ ಎಳೆಯುತ್ತದೆ, ಗ್ಯಾಸಿನ ಅಣುಗಳು ಅಡ್ಡ ಬಂದು ಬಡಿಯುತ್ತವೆ. ಕಾಫಿ ಸಾಲಿನ ನಡುವೆ ಒಬ್ಬ ಒಂದು ಮೂಟೆ ಹೊತ್ತು ನಡೆಯುತ್ತಾನೆ, ಇನ್ನೊಬ್ಬ ಅಷ್ಟೇ ಭಾರದ ಮೆಣಸಿನ ಏಣಿಯನ್ನು ಅಡ್ಡ ಹಿಡಿದು ನಡೆಯುತ್ತಾನೆ ಅಂದುಕೊಳ್ಳಿ. ಗಿಡಕ್ಕೆ ತಗಲಿ ತಗಲಿ ತಡವಾಗುವುದು ಏಣಿಯವನಿಗೇ. ಮುದುಡಿಕೊಂಡ ಅಯಾನು ಬೇಗ ಬರುತ್ತದೆ, ಹರಡಿಕೊಂಡದ್ದು ನಿಧಾನ. ಚಾರ್ಜ್ ಜಾಸ್ತಿ ಇದ್ದರೆ ಎಳೆತವೂ ಜಾಸ್ತಿ, ಹಾಗಾಗಿ ಬೇಗ. ಈ ವೇಗದಿಂದ ಅಯಾನಿನ ‘ಕೊಲಿಷನ್ ಕ್ರಾಸ್ ಸೆಕ್ಷನ್’ ಲೆಕ್ಕ ಹಾಕುತ್ತಾರೆ. ಅದು ಗ್ಯಾಸಿನ ಅಣುವಿಗೆ ಅಯಾನು ಒಡ್ಡುವ ಸರಾಸರಿ ಮೈ. ಅಳತೆ ಚದರ ಆಂಗ್‌ಸ್ಟ್ರಾಮ್‌ನಲ್ಲಿ. ಮುಂದೆ ಸಿಸಿಎಸ್ ಅಂತಲೇ ಕರೆಯುತ್ತೇನೆ.

ಮೊಬಿಲಿಟಿ ಬೇರ್ಪಡಿಕೆಗೆ ಹತ್ತಾರು ಮಿಲಿಸೆಕೆಂಡ್ ಬೇಕು. ಹಿಂದೆ ಕೂತಿರುವ ಟೈಮ್ ಆಫ್ ಫ್ಲೈಟ್ ಮಾಸ್ ಅನಲೈಸರ್‌ಗೆ ಒಂದು ಸ್ಪೆಕ್ಟ್ರಂಗೆ ಸುಮಾರು 100 ಮೈಕ್ರೋಸೆಕೆಂಡ್ ಸಾಕು. ಹಾಗಾಗಿ ಒಂದೇ ಮೊಬಿಲಿಟಿ ಓಟದೊಳಗೆ ನೂರಾರು ಮಾಸ್ ಸ್ಪೆಕ್ಟ್ರಂ ತೆಗೆಯಬಹುದು. ಎರಡು ಯಂತ್ರಗಳ ಜೋಡಿ ಇಷ್ಟು ಚೆನ್ನಾಗಿ ಹೊಂದಲು ಇದೇ ಕಾರಣ.

ಈ ದಾರಿಯ ಚರಿತ್ರೆಯಲ್ಲಿ ಪಾಲಿಮರ್ ಮೊದಲಿಂದಲೂ ಇದೆ. ದ್ರಾವಣವನ್ನು ಹೆಚ್ಚು ವೋಲ್ಟೇಜಿನಲ್ಲಿ ಸಿಂಪಡಿಸಿ ಅಯಾನು ಮಾಡುವುದಕ್ಕೆ ಎಲೆಕ್ಟ್ರೋಸ್ಪ್ರೇ ಅನ್ನುತ್ತಾರೆ. 1968ರಲ್ಲಿ ರಸಾಯನಶಾಸ್ತ್ರಜ್ಞ ಮಾಲ್ಕಂ ಡೋಲ್ ಎಲೆಕ್ಟ್ರೋಸ್ಪ್ರೇ ಮಾಡಲು ಹೊರಟಿದ್ದೇ ಪಾಲಿಸ್ಟೈರೀನ್. ಇನ್ನೊಬ್ಬ ರಸಾಯನಶಾಸ್ತ್ರಜ್ಞ ಜಾನ್ ಫೆನ್ 1992ರಲ್ಲಿ ಐವತ್ತು ಲಕ್ಷ ಡಾಲ್ಟನ್ (ಅಣುವಿನ ಮಾಸಿನ ಏಕಮಾನ)‌ವರೆಗಿನ ಪಾಲಿಎಥಿಲೀನ್ ಗ್ಲೈಕಾಲ್ ಹಾರಿಸಿ ತೋರಿಸಿದರು. 2002ರ ನೊಬೆಲ್ ಅವರಿಗೆ ಬಂದದ್ದು ಪ್ರೋಟೀನಿನಂಥ ಜೈವಿಕ ಅಣುಗಳ ಲೆಕ್ಕದಲ್ಲಿ. 1995ರಲ್ಲಿ ಸಾಂತಾ ಬಾರ್ಬರಾದ ಬೋವರ್ಸ್ ಗುಂಪು ಸೋಡಿಯಂ ಹಿಡಿದ ಪಾಲಿಎಥಿಲೀನ್ ಗ್ಲೈಕಾಲಿನ ಮೈಕಟ್ಟನ್ನು ಮೊಬಿಲಿಟಿಯಲ್ಲಿ ಅಳೆಯಿತು. ಸರಪಳಿ ಸೋಡಿಯಂ ಸುತ್ತ ಸುತ್ತಿಕೊಂಡಿರುತ್ತದೆ ಅಂತ ಕಂಡದ್ದು ಆಗಲೇ.

ಹಂತ 1: ಯಾವ ಥರದ ಯಂತ್ರ ಅಂತ ತಿಳಿದುಕೊಳ್ಳಿ

ಆರಿಸುವ ಭಾಗ್ಯ ನಮಗೆ ಕಡಿಮೆ, ಸಿಕ್ಕಿದ್ದರಲ್ಲಿ ಮಾಡಬೇಕು. ಆದರೂ ಯಾವುದು ಅಂತ ಗೊತ್ತಿರಬೇಕು, ಯಾಕೆಂದರೆ ಲೆಕ್ಕ ಬೇರೆಯಾಗುತ್ತದೆ.

ಡ್ರಿಫ್ಟ್ ಟ್ಯೂಬ್‌ನಲ್ಲಿ ಕ್ಷೇತ್ರ ಒಂದೇ ಸಮ. ಸಮಯದಿಂದ ನೇರವಾಗಿ ಸಿಸಿಎಸ್ ತೆಗೆಯಬಹುದು. ಟ್ರಾವೆಲಿಂಗ್ ವೇವ್ ಯಂತ್ರದಲ್ಲಿ ಅಲೆ ಅಲೆಯಾಗಿ ವೋಲ್ಟೇಜ್ ತಳ್ಳುತ್ತದೆ. ಇಲ್ಲಿ ಸಿಸಿಎಸ್ ಗೊತ್ತಿರುವ ಅಯಾನುಗಳಿಂದ ಕ್ಯಾಲಿಬ್ರೇಟ್ ಮಾಡಲೇಬೇಕು. ಟ್ರ್ಯಾಪ್ಡ್ ಅಯಾನ್ ಮೊಬಿಲಿಟಿಯಲ್ಲಿ ಗ್ಯಾಸ್ ಹರಿಯುತ್ತದೆ, ಕ್ಷೇತ್ರ ಅಯಾನನ್ನು ಹಿಡಿದು ನಿಲ್ಲಿಸಿ ಒಂದೊಂದಾಗಿ ಬಿಡುತ್ತದೆ. ಇದಕ್ಕೂ ಕ್ಯಾಲಿಬ್ರೇಷನ್ ಬೇಕು, ಆದರೆ ಅದು ಸರಳ ರೇಖೆ.

ಸೈಕ್ಲಿಕ್ ಯಂತ್ರ ಸಿಕ್ಕಿದರೆ ಒಂದು ಮಾತು. ಅದರಲ್ಲಿ ಅಯಾನುಗಳನ್ನು ಸುತ್ತು ಸುತ್ತು ಓಡಿಸಬಹುದು. ಒಂದು ಸುತ್ತಿಗೆ ರೆಸಲ್ಯೂಷನ್ (ಹತ್ತಿರದ ಗೆರೆಗಳನ್ನು ಬಿಡಿಸಿ ತೋರಿಸುವ ಶಕ್ತಿ) ಸುಮಾರು 65, ಸುತ್ತಿನ ವರ್ಗಮೂಲದಷ್ಟು ಏರುತ್ತದೆ. ನಾಲ್ಕು ಸುತ್ತಿಗೆ ಎರಡರಷ್ಟು. ಕೇಳಲು ಚೆನ್ನ. ಆದರೆ ಪಾಲಿಮರಿನಲ್ಲಿ ವೇಗದ ಸಣ್ಣ ಅಯಾನು ಒಂದು ಸುತ್ತು ಜಾಸ್ತಿ ಹೊಡೆದು ನಿಧಾನದ ದೊಡ್ಡದನ್ನು ಹಿಂದಿನಿಂದ ಬಂದು ಹಿಡಿಯುತ್ತದೆ. ಇಡೀ ಪಾಲಿಮರನ್ನು ಹಲವು ಸುತ್ತು ಓಡಿಸಬೇಡಿ. ಬೇಕಾದ ಒಂದೆರಡು ಗೆರೆಯನ್ನಷ್ಟೇ ಆರಿಸಿ ಓಡಿಸಿ.

ಹಂತ 2: ಹೋಗುವ ಮುಂಚೆ ಕಾಗದದ ಮೇಲೆ ಲೆಕ್ಕ

ಕಲಿಯಲು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪಿಇಜಿ 1000 ತೆಗೆದುಕೊಳ್ಳಿ. ಅಗ್ಗ, ಕಾಲೇಜಿನ ಕಪಾಟಿನಲ್ಲೇ ಇರುತ್ತದೆ, ಸೋಡಿಯಂ ಸಲೀಸಾಗಿ ಹಿಡಿಯುತ್ತದೆ.

ಒಂದು ಕೊಂಡಿಯ ಮಾಸ್ 44.0262. ಎರಡು ತುದಿಯಲ್ಲಿ ಒಂದು ಹೈಡ್ರೋಜನ್, ಒಂದು ಓಹೆಚ್. ಎರಡೂ ಸೇರಿ 18.0106. ಸೋಡಿಯಂ ಅಯಾನು 22.9892. ಹಾಗಾದರೆ 22 ಕೊಂಡಿಯ ಸರಪಳಿ ಒಂದು ಸೋಡಿಯಂ ಹಿಡಿದಾಗ 1009.576ರಲ್ಲಿ ಕಾಣಬೇಕು. ಅದೇ ಸರಪಳಿ ಎರಡು ಸೋಡಿಯಂ ಹಿಡಿದರೆ 516.283ರಲ್ಲಿ.

ಒಂದು ಚಾರ್ಜಿನ ಗೆರೆಗಳ ನಡುವೆ ಅಂತರ 44.026, ಎರಡು ಚಾರ್ಜಿಗೆ 22.013, ಮೂರಕ್ಕೆ 14.675. ಈ ಮೂರು ಸಂಖ್ಯೆ ಬಾಯಿಪಾಠ ಆಗಲಿ. 10ರಿಂದ 60 ಕೊಂಡಿವರೆಗೆ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿಟ್ಟುಕೊಳ್ಳಿ. ಸೋಡಿಯಂ, ಪೊಟ್ಯಾಸಿಯಂ (38.9632), ಅಮೋನಿಯಂ (18.0338) ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಯಂತ್ರದ ಮುಂದೆ ಕೂತಾಗ ಈ ಹಾಳೆ ಕೈಯಲ್ಲಿದ್ದವರಿಗೂ ಇಲ್ಲದವರಿಗೂ ತುಂಬಾ ವ್ಯತ್ಯಾಸ.

ಬೇರೆ ಪಾಲಿಮರ್ ಮಾಡುವವರಿಗೆ ಕೊಂಡಿಯ ಮಾಸ್ ಇಲ್ಲಿದೆ: ಪಾಲಿಪ್ರೊಪಿಲೀನ್ ಗ್ಲೈಕಾಲ್ 58.0419, ಪಾಲಿಲ್ಯಾಕ್ಟಿಕ್ ಆಸಿಡ್ 72.0211, ಸಿಲಿಕೋನ್ 74.0188, ಪಾಲಿಮೀಥೈಲ್ ಮೆಥಾಕ್ರಿಲೇಟ್ 100.0524, ಪಾಲಿಸ್ಟೈರೀನ್ 104.0626, ಪಾಲಿಕ್ಯಾಪ್ರೊಲ್ಯಾಕ್ಟೋನ್ 114.0681. ಪಾಲಿಸ್ಟೈರೀನಿನಲ್ಲಿ ಆಮ್ಲಜನಕ ಇಲ್ಲ, ಸೋಡಿಯಂ ಹಿಡಿಯಲು ಜಾಗವೇ ಇಲ್ಲ. ಅದಕ್ಕೆ ಬೆಳ್ಳಿಯ ಲವಣ ಹಾಕಿ ಮಾಲ್ಡಿ (ಲೇಸರ್ ಹೊಡೆದು ಅಯಾನು ಮಾಡುವ ವಿಧಾನ) ಮಾಡುತ್ತಾರೆ. ಬೆಳ್ಳಿಗೆ 107, 109 ಎಂಬ ಎರಡು ಐಸೋಟೋಪ್ ಹೆಚ್ಚು ಕಡಿಮೆ ಸಮಸಮ ಇರುವುದರಿಂದ ಜೋಡಿ ಗೆರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಕಡೆಯ ರಬ್ಬರ್ ತೋಟದ ಹಾಲು ತರೋಣ ಅಂತ ಯೋಚನೆ ಬಂದರೆ ಬೇಡ. ಅದರ ಸರಪಳಿ ಲಕ್ಷಗಟ್ಟಲೆ ಡಾಲ್ಟನ್, ಮೇಲಾಗಿ ಸೋಡಿಯಂ ಹಿಡಿಯುವುದಿಲ್ಲ. ಮೊದಲ ಕೆಲಸಕ್ಕೆ ಅದು ತಕ್ಕುದಲ್ಲ.

ಹಂತ 3: ಸ್ಯಾಂಪಲ್ ತಯಾರಿ, ಕೊಡಗಿನ ಮಳೆಯಲ್ಲಿ

ಇಲ್ಲಿ ನಿಧಾನವಾಗಿ ಓದಿ. ಕೆಟ್ಟ ಡೇಟಾ ಬಹುಪಾಲು ಹುಟ್ಟುವುದು ಈ ಹಂತದಲ್ಲೇ.

ಪಿಇಜಿ 1000 ಒಂದು ಮಿಲಿಗ್ರಾಂ, ಒಂದು ಮಿ.ಲೀ. ಎಲ್‌ಸಿ ಎಂಎಸ್ ದರ್ಜೆಯ ಮೆಥನಾಲ್‌ನಲ್ಲಿ. ಇದು ಒಂದು ಮಿಲಿಮೋಲಾರ್. ನೂರು ಪಟ್ಟು ತೆಳು ಮಾಡಿದರೆ 10 ಮೈಕ್ರೋಮೋಲಾರ್. ಇಷ್ಟು ಸಾಕು, ಇದಕ್ಕಿಂತ ಗಟ್ಟಿ ಬೇಡ. ಸೋಡಿಯಂ ಅಸಿಟೇಟ್ 8.2 ಮಿಲಿಗ್ರಾಂ ಅನ್ನು 10 ಮಿ.ಲೀ. ಮೆಥನಾಲ್‌ಗೆ ಹಾಕಿದರೆ 10 ಮಿಲಿಮೋಲಾರ್. ಇದರಲ್ಲಿ 5 ಮೈಕ್ರೋಲೀಟರ್ ತೆಗೆದು ಒಂದು ಮಿ.ಲೀ. ಸ್ಯಾಂಪಲ್‌ಗೆ ಹಾಕಿ. ಸೋಡಿಯಂ 50 ಮೈಕ್ರೋಮೋಲಾರ್ ಆಗುತ್ತದೆ, ಪಾಲಿಮರಿಗಿಂತ ಐದು ಪಟ್ಟು.

‘ಸೋಡಿಯಂ ಗಾಜಿನಿಂದಲೇ ಬರುತ್ತಲ್ಲ, ಹಾಕೋದು ಯಾಕೆ?’ ಅಂತ ಕೇಳುವವರಿದ್ದಾರೆ. ಬರುತ್ತೆ, ನಿಜ. ಜೊತೆಗೆ ಪೊಟ್ಯಾಸಿಯಂ ಕೂಡ ಬರುತ್ತೆ, ಅಮೋನಿಯಂ ಕೂಡ. ನೀವೇ ಹಾಕಿದರೆ ಸೋಡಿಯಂ ಮೇಲುಗೈ ಆಗಿ ಸ್ಪೆಕ್ಟ್ರಂ ಶುಚಿಯಾಗುತ್ತದೆ. ಹಾಗಂತ ಸುರಿಯಬೇಡಿ. ಲವಣ ಜಾಸ್ತಿಯಾದರೆ ಲವಣದ ಗೊಂಚಲುಗಳೇ ಸ್ಪೆಕ್ಟ್ರಂ ತುಂಬುತ್ತವೆ. ಸೋಡಿಯಂ ಟ್ರೈಫ್ಲೋರೋಅಸಿಟೇಟ್ ಬಳಸಿದಾಗ 135.97 ಅಂತರದಲ್ಲಿ ಏಣಿ ಕಂಡರೆ ಅದು ನಿಮ್ಮ ಪಾಲಿಮರ್ ಅಲ್ಲ, ಉಪ್ಪು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆ ಬೆವರುತ್ತದೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಈ ಲವಣಗಳು, ಪಿಇಜಿ ಎರಡೂ ತೇವ ಎಳೆದುಕೊಳ್ಳುವ ಜಾತಿ. ಬಾಟಲಿ ತೆರೆದಿಟ್ಟು ತೂಗುತ್ತಾ ಕೂತರೆ ತಕ್ಕಡಿಯ ಸಂಖ್ಯೆ ಕಣ್ಣೆದುರೇ ಏರುತ್ತಾ ಹೋಗುತ್ತದೆ. ಡೆಸಿಕೇಟರ್‌ನಲ್ಲಿಡಿ, ಸಿಲಿಕಾ ಜೆಲ್ ನೀಲಿ ಇದೆಯಾ ನೋಡಿ, ಬೇಗ ತೂಗಿ ಮುಚ್ಚಿ. ಆಗದಿದ್ದರೆ ಇನ್ನೊಂದು ದಾರಿ ಇದೆ. ತೂಕ ಒಂದಿಷ್ಟು ಹೆಚ್ಚು ಕಡಿಮೆ ಆದರೂ ಮೊಬಿಲಿಟಿಗೆ ಏನೂ ಆಗುವುದಿಲ್ಲ, ಇದು ಪ್ರಮಾಣ ಅಳೆಯುವ ಕೆಲಸವಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ‘ಸುಮಾರು’ ಅಂತ ಪ್ರಾಮಾಣಿಕವಾಗಿ ಬರೆದು ಮುಂದೆ ಹೋಗಿ.

ಇದಕ್ಕಿಂತ ದೊಡ್ಡ ತಲೆನೋವು ಸೋಪು. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಬಹಳ ಸಲ ಎಥಾಕ್ಸಿಲೇಟ್, ಅಂದರೆ ಎಥಿಲೀನ್ ಆಕ್ಸೈಡ್ ಸರಪಳಿ ಜೋಡಿಸಿದ ಅಣು, ಇರುತ್ತದೆ. ಅದರಲ್ಲಿ ತೊಳೆದ ಫ್ಲಾಸ್ಕಿನಲ್ಲಿ ಮಾಡಿದ ಸ್ಯಾಂಪಲ್‌ನಲ್ಲಿ 44ರ ಏಣಿ ಕಂಡರೆ ಅದು ನಿಮ್ಮದೋ ಸೋಪಿನದೋ ಯಾರು ಹೇಳಬೇಕು? ಹೊಸ ಗಾಜಿನ ವಯಲ್ ತೆಗೆದುಕೊಳ್ಳಿ. ಮೆಥನಾಲ್‌ನಲ್ಲಷ್ಟೇ ಮೂರು ಸಲ ತೊಳೆಯಿರಿ. ಪ್ಲಾಸ್ಟಿಕ್ ಟ್ಯೂಬ್ ಬೇಡ, ಮುಚ್ಚಳದ ಒಳಗೆ ಪ್ಯಾರಾಫಿಲ್ಮ್ ಬೇಡ. ಜೊತೆಗೆ ಎರಡು ಖಾಲಿ ಸ್ಯಾಂಪಲ್ ಮಾಡಿ: ಬರೀ ಮೆಥನಾಲ್ ಒಂದು, ಮೆಥನಾಲ್ ಮತ್ತು ಸೋಡಿಯಂ ಒಂದು. ಖಾಲಿ ಸ್ಯಾಂಪಲ್ ಇಲ್ಲದ ಪಾಲಿಮರ್ ಡೇಟಾವನ್ನು ನಾನಂತೂ ನಂಬುವುದಿಲ್ಲ.

ಇನ್ನೂ ಒಂದು ಸೆಟ್ ಮಾಡಿ, ಸೋಡಿಯಂ ಬದಲು ಲಿಥಿಯಂ ಹಾಕಿ. ಇದರ ಉಪಯೋಗ ಮುಂದೆ ಬರುತ್ತದೆ.

ಹಂತ 4: ಯಂತ್ರ ಹುಡುಕುವುದು, ಮಾತಾಡುವುದು

ಕೇಂದ್ರ ಸರಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಹಂಚಿಕೊಳ್ಳುವ ಉಪಕರಣಗಳನ್ನು ಹುಡುಕಿ ಬುಕ್ ಮಾಡಬಹುದು. ಮೈಸೂರು, ಬೆಂಗಳೂರಿನ ಸಂಸ್ಥೆಗಳ ಕೇಂದ್ರಗಳನ್ನು ನೇರವಾಗಿಯೂ ಕೇಳಬಹುದು. ಬರೀ ‘ಎಲ್‌ಸಿ ಎಂಎಸ್ ಇದೆಯಾ’ ಅಂತ ಕೇಳಬೇಡಿ. ‘ಅಯಾನ್ ಮೊಬಿಲಿಟಿ ಇದೆಯಾ, ಯಾವ ಥರದ್ದು, ನೇರ ಇನ್ಫ್ಯೂಷನ್ ಮಾಡಬಹುದಾ’ ಅಂತ ಕೇಳಿ. ನೇರ ಇನ್ಫ್ಯೂಷನ್ ಅಂದರೆ ದ್ರಾವಣವನ್ನು ಸಿರಿಂಜಿನಿಂದ ಸೀದಾ ಯಂತ್ರಕ್ಕೆ ತಳ್ಳುವುದು.

ಆಪರೇಟರ್‌ಗೆ ಪಿಇಜಿ, ಸರ್ಫ್ಯಾಕ್ಟಂಟ್ ಅಂದರೆ ಆಗುವುದಿಲ್ಲ. ಅವರದ್ದು ತಪ್ಪಲ್ಲ. ಇವು ಯಂತ್ರದಲ್ಲಿ ಅಯಾನು ಹುಟ್ಟುವ ಜಾಗಕ್ಕೆ, ಅಂದರೆ ಸೋರ್ಸ್‌ಗೆ, ಅಂಟಿಕೊಂಡು ಮುಂದಿನವರ ಪ್ರೋಟೀನ್ ಸ್ಪೆಕ್ಟ್ರಂನಲ್ಲೂ ತಲೆ ಹಾಕುತ್ತವೆ. ಏನು ತರುತ್ತಿದ್ದೀರಿ, ಎಷ್ಟು ತೆಳು ಮಾಡಿದ್ದೀರಿ ಅಂತ ಮೊದಲೇ ಮೇಲ್ ಹಾಕಿ. ದಿನದ ಕೊನೆಯ ಸ್ಲಾಟ್ ಕೇಳಿ. ನಿಮ್ಮದೇ ಸಿರಿಂಜ್, ನಿಮ್ಮದೇ ಟ್ಯೂಬಿಂಗ್ ಒಯ್ಯಿರಿ. ಮುಚ್ಚುಮರೆ ಮಾಡಿದರೆ ಎರಡನೇ ಸಲ ಸ್ಲಾಟ್ ಸಿಗುವುದಿಲ್ಲ.

ಮಡಿಕೇರಿಯಿಂದ ರಾತ್ರಿ ಬಸ್ಸಿಗೆ ಹೋಗುವವರು ವಯಲ್‌ಗಳನ್ನು ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಘಾಟಿಯ ತಿರುವಿನಲ್ಲಿ ಮೆಥನಾಲ್ ಸೋರಿದರೆ ಸ್ಯಾಂಪಲ್ಲೂ ಹೋಯ್ತು, ಬಸ್ಸಿನಲ್ಲಿ ಬೈಗುಳವೂ ಆಯ್ತು. ಸಾಧ್ಯವಾದರೆ ಒಣ ಪುಡಿ ಒಯ್ದು ಅಲ್ಲೇ ಕರಗಿಸುವುದೇ ಮೇಲು.

ಹಂತ 5: ಯಂತ್ರದ ಮುಂದೆ

ಓಡಿಸುವ ಕ್ರಮ ಹೀಗಿರಲಿ: ಮೊದಲು ಕ್ಯಾಲಿಬ್ರೆಂಟ್ (ಸಿಸಿಎಸ್ ಗೊತ್ತಿರುವ ಅಯಾನುಗಳ ಸ್ಯಾಂಪಲ್), ಆಮೇಲೆ ಖಾಲಿ ಸ್ಯಾಂಪಲ್ ಎರಡು, ಪಿಇಜಿ ಸೋಡಿಯಂ, ಪಿಇಜಿ ಲಿಥಿಯಂ, ಸ್ಟಿಕ್ಕರ್, ಮತ್ತೆ ಕ್ಯಾಲಿಬ್ರೆಂಟ್. ಶುರುವಿನ ಕ್ಯಾಲಿಬ್ರೆಂಟ್‌ಗೂ ಕೊನೆಯದಕ್ಕೂ ತಾಳೆಯಾದರೆ ನಡುವೆ ಯಂತ್ರ ಕದಲಿಲ್ಲ ಅಂತ ಅರ್ಥ.

ಸೋರ್ಸ್ ಮೃದುವಾಗಿರಲಿ. ಕೋನ್ ವೋಲ್ಟೇಜ್ ಅಥವಾ ಫ್ರಾಗ್ಮೆಂಟರ್ ವೋಲ್ಟೇಜ್ ಏರಿಸಿದರೆ ಸಿಗ್ನಲ್ ಏರುತ್ತದೆ, ಹೌದು. ಆದರೆ ಅಯಾನು ಕಾದು ಬಿಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಒಂದು ಸೋಡಿಯಂ ಬಿದ್ದೇ ಹೋಗುತ್ತದೆ. ಒಂದೇ ಸ್ಯಾಂಪಲನ್ನು ಮೂರು ವೋಲ್ಟೇಜ್‌ನಲ್ಲಿ ತೆಗೆದು ನೋಡಿ. ಮೊಬಿಲಿಟಿ ಗೆರೆ ಜಾಗ ಬದಲಿಸದೆ ಇದ್ದರೆ ಸರಿ. ಅಗಲವಾಗುತ್ತಿದ್ದರೆ, ಇನ್ನೊಂದು ಗುಬ್ಬು ಏಳುತ್ತಿದ್ದರೆ ವೋಲ್ಟೇಜ್ ಇಳಿಸಿ.

ಟ್ರಾವೆಲಿಂಗ್ ವೇವ್ ಆದರೆ ಅಲೆಯ ಎತ್ತರ, ವೇಗ, ಗ್ಯಾಸಿನ ಒತ್ತಡ ಮೂರನ್ನೂ ಕ್ಯಾಲಿಬ್ರೆಂಟ್‌ನಿಂದ ಸ್ಯಾಂಪಲ್‌ವರೆಗೆ ಮುಟ್ಟಬಾರದು. ಒಂದನ್ನು ಬದಲಿಸಿದರೂ ಕ್ಯಾಲಿಬ್ರೇಷನ್ ಮತ್ತೆ ಮೊದಲಿಂದ. ಡ್ರಿಫ್ಟ್ ಟ್ಯೂಬ್ ಆದರೆ ಐದಾರು ಬೇರೆ ವೋಲ್ಟೇಜ್‌ನಲ್ಲಿ ಸಮಯ ತೆಗೆಯಿರಿ. ವೋಲ್ಟೇಜಿನ ವಿಲೋಮಕ್ಕೆ ಸಮಯವನ್ನು ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ಅದರ ಇಳಿಜಾರು ಮೊಬಿಲಿಟಿ ಕೊಡುತ್ತದೆ, ಅಕ್ಷವನ್ನು ಕಡಿಯುವ ಜಾಗ ಕೊಳವೆಯ ಹೊರಗೆ ಅಯಾನು ಕಳೆದ ಸಮಯ ಕೊಡುತ್ತದೆ.

ಹೊರಡುವ ಮುಂಚೆ ಕಚ್ಚಾ ಫೈಲ್, ಮೆಥಡ್ ಫೈಲ್ ಎರಡನ್ನೂ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. ಬರೀ ಪಿಡಿಎಫ್ ತಂದರೆ ಮುಂದಿನ ಯಾವ ಲೆಕ್ಕವೂ ಆಗುವುದಿಲ್ಲ. ನಮ್ಮ ಇಂಟರ್‌ನೆಟ್ ನಂಬಿ ‘ಡ್ರೈವ್‌ಗೆ ಹಾಕಿ ಸರ್’ ಅನ್ನಬೇಡಿ, ಫೈಲ್‌ಗಳು ಗಿಗಾಬೈಟ್ ಲೆಕ್ಕದಲ್ಲಿರುತ್ತವೆ.

ಹಂತ 6: ನಕ್ಷೆ ಓದುವುದು

ಮನೆಗೆ ಬಂದ ಮೇಲೆ ಮೊದಲ ಕೆಲಸ ಎರಡು ಆಯಾಮದ ನಕ್ಷೆ ಬಿಡಿಸುವುದು. ಒಂದು ಅಕ್ಷದಲ್ಲಿ ಎಂ/ಜೆಡ್, ಇನ್ನೊಂದರಲ್ಲಿ ಮೊಬಿಲಿಟಿ ಸಮಯ. ಚುಕ್ಕೆಗಳು ಓರೆ ಪಟ್ಟಿಗಳಾಗಿ ಕೂತಿರುತ್ತವೆ. ಒಂದು ಚಾರ್ಜಿನದು ಒಂದು ಪಟ್ಟಿ, ಎರಡು ಚಾರ್ಜಿನದು ಇನ್ನೊಂದು. ಮಾಸ್ ಸ್ಪೆಕ್ಟ್ರಂನಲ್ಲಿ ಒಂದರ ಮೇಲೊಂದು ಬಿದ್ದಿದ್ದ ಕಾಡು ಇಲ್ಲಿ ಸಾಲು ಸಾಲಾಗಿ ಬಿಡಿಸಿಕೊಳ್ಳುತ್ತದೆ. ಲವಣದ ಗೊಂಚಲುಗಳು ತಮ್ಮ ಮಾಸಿಗೆ ಹೋಲಿಸಿದರೆ ಬಹಳ ಗಟ್ಟಿ, ಸಣ್ಣ ಮೈ. ಹಾಗಾಗಿ ಅವು ಪಾಲಿಮರ್ ಪಟ್ಟಿಯಿಂದ ದೂರ, ಬೇಗ ಬರುವ ಕಡೆ ಬೀಳುತ್ತವೆ.

ಇಲ್ಲಿ ನನ್ನ ಗಟ್ಟಿ ಅಭಿಪ್ರಾಯ ಒಂದಿದೆ. ಒಂದು ಚುಕ್ಕೆ ಹಿಡಿದುಕೊಂಡು ‘ಇದರ ಸಿಸಿಎಸ್ ಇಷ್ಟು, ಹಾಗಾಗಿ ಆಕಾರ ಹೀಗೆ’ ಅಂತ ಹೇಳುವುದು ಪಾಲಿಮರಿನಲ್ಲಿ ನಡೆಯದ ಮಾತು. ಪಾಲಿಮರ್ ನಮಗೆ ಒಂದು ಕೊಂಡಿ ಹೆಚ್ಚಿಸುತ್ತಾ ಹೋದರೆ ಏನಾಗುತ್ತದೆ ಎಂಬ ಇಡೀ ಪ್ರಯೋಗವನ್ನು ಪುಕ್ಕಟೆ ಮಾಡಿ ಕೊಟ್ಟಿದೆ. ಪ್ರೋಟೀನಿನವರಿಗೆ ಈ ಸೌಲಭ್ಯ ಇಲ್ಲ. ಆದ್ದರಿಂದ ಸಾಲು ನೋಡಿ, ಸಾಲು ಎಲ್ಲಿ ಬಾಗುತ್ತದೆ ನೋಡಿ.

ಒಂದೊಂದು ಪಟ್ಟಿಯ ಸುತ್ತ ಗೆರೆ ಎಳೆದು ಆ ಭಾಗದ ಮಾಸ್ ಸ್ಪೆಕ್ಟ್ರಂ ಮಾತ್ರ ಹೊರತೆಗೆಯಿರಿ. ಐಸೋಟೋಪ್ ಗೆರೆಗಳ ಅಂತರ 1 ಇದ್ದರೆ ಒಂದು ಚಾರ್ಜ್, ಅರ್ಧ ಇದ್ದರೆ ಎರಡು. ಈಗ ಲಿಥಿಯಂ ಸೆಟ್ ಪಕ್ಕದಲ್ಲಿಡಿ. ಎಲ್ಲ ಚಾರ್ಜೂ ಲೋಹದಿಂದಲೇ ಬಂದಿದ್ದರೆ ಪ್ರತಿ ಗೆರೆ ಎಂ/ಜೆಡ್‌ನಲ್ಲಿ ಸರಿಯಾಗಿ 15.974 ಕೆಳಗಿಳಿಯುತ್ತದೆ. ಎರಡು ಚಾರ್ಜಿನ ಗೆರೆ ಅದರ ಅರ್ಧ ಮಾತ್ರ ಇಳಿದರೆ ಒಂದು ಚಾರ್ಜ್ ಪ್ರೋಟಾನಿನದೋ ಇನ್ನೊಂದರದೋ ಇರಬೇಕು.

ಹಂತ 7: ತುದಿಯ ಗುಂಪು ಕಂಡುಹಿಡಿಯುವುದು, ಅದರಲ್ಲಿ ಅಡಗಿದ ಬಲೆಗಳು

ಲೆಕ್ಕ ಸುಲಭ. ಮಾಸಿನಿಂದ ಸೋಡಿಯಂ ಕಳೆಯಿರಿ, ಕೊಂಡಿಯ ಮಾಸಿನಿಂದ ಭಾಗಿಸಿ, ಉಳಿದ ಶೇಷವೇ ತುದಿಗಳು. 1009.576ರಿಂದ 22.989 ಹೋದರೆ 986.587. ಅದರಲ್ಲಿ 22 ಕೊಂಡಿಯ 968.576 ಹೋದರೆ 18.011. ನೀರಿನ ಮಾಸ್, ಅಂದರೆ ಎರಡು ತುದಿಯಲ್ಲಿ ಹೆಚ್ ಮತ್ತು ಓಹೆಚ್. ಸಾಮಾನ್ಯ ಪಿಇಜಿ.

ಈಗ ಸ್ಟಿಕ್ಕರ್‌ನಂಥ ಸ್ಯಾಂಪಲ್‌ನಲ್ಲಿ 683.434 ಕಂಡಿತು ಅಂದುಕೊಳ್ಳಿ. ಸೋಡಿಯಂ ಕಳೆದರೆ 660.445. ಇದನ್ನು 44.0262ರಿಂದ ಭಾಗಿಸಿದರೆ 15.001. ಶೇಷ ಹೆಚ್ಚು ಕಡಿಮೆ ಸೊನ್ನೆ! ತುದಿಯೇ ಇಲ್ಲದ ಪಾಲಿಮರ್ ಅಂದರೆ ಉಂಗುರ. ‘ಉಂಗುರ ಸಿಕ್ತು’ ಅಂತ ಕುಣಿಯುವ ಮುಂಚೆ ದಶಮಾಂಶ ನೋಡಿ. 15 ಕೊಂಡಿಯ ಉಂಗುರ 683.382ರಲ್ಲಿ ಬರಬೇಕಿತ್ತು. ನಿಮ್ಮದು 0.052 ಮೇಲಿದೆ. ನೋನೈಲ್‌ಫೀನಾಲ್‌ನ ಮಾಸ್ 220.1827, ಐದು ಕೊಂಡಿಯ ಮಾಸ್ 220.1311. ಎರಡೂ ಅಷ್ಟು ಹತ್ತಿರ. ನಿಮ್ಮ ಗೆರೆ ಹತ್ತು ಕೊಂಡಿಯ ನೋನೈಲ್‌ಫೀನಾಲ್ ಎಥಾಕ್ಸಿಲೇಟ್. ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು 76 ಪಾಲು. ಮಾಸ್ ಕ್ಯಾಲಿಬ್ರೇಷನ್ ಚೆನ್ನಾಗಿದ್ದರೆ ಯಾವ ಒಳ್ಳೆಯ ಟೈಮ್ ಆಫ್ ಫ್ಲೈಟ್ ಯಂತ್ರವೂ ಹಿಡಿಯುತ್ತದೆ.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮ. ಸ್ಟಿಕ್ಕರ್‌ಗಳಲ್ಲಿ ಕೊಬ್ಬಿನ ಆಲ್ಕೋಹಾಲಿನ ಎಥಾಕ್ಸಿಲೇಟ್ ಕೂಡ ಸಿಗುತ್ತದೆ. 12 ಇಂಗಾಲದ ಆಲ್ಕೋಹಾಲಿಗೆ 9 ಕೊಂಡಿ, ಸೋಡಿಯಂ ಜೊತೆ: 605.423. 14 ಇಂಗಾಲದ ಆಲ್ಕೋಹಾಲಿಗೆ 8 ಕೊಂಡಿ, ಪೊಟ್ಯಾಸಿಯಂ ಜೊತೆ: 605.403. ಅಂತರ ಬರೀ 0.021. ಬಿಡಿಸಿ ನೋಡಲು ಸುಮಾರು 29,000 ರೆಸಲ್ಯೂಷನ್ ಬೇಕು. ಅಷ್ಟಿಲ್ಲದಿದ್ದರೆ? ಸೋಡಿಯಂ ಸ್ವಲ್ಪ ಜಾಸ್ತಿ ಹಾಕಿ ಪೊಟ್ಯಾಸಿಯಂ ಸಾಲನ್ನು ಮುಚ್ಚಿಬಿಡಿ. ಲಿಥಿಯಂ ಸೆಟ್‌ನಲ್ಲಿ ಆ ಗೆರೆ 15.974 ಇಳಿಯಿತಾ, ದುಪ್ಪಟ್ಟು 31.948 ಇಳಿಯಿತಾ ನೋಡಿ. ಯಂತ್ರ ಹಳೆಯದಾದರೂ ಉಪ್ಪಿನ ಜಾಣತನ ಕೆಲಸ ಮಾಡುತ್ತದೆ.

ಹಂತ 8: ಸಿಸಿಎಸ್ ಲೆಕ್ಕ

ಯಂತ್ರ ಕೊಡುವುದು ರೆಡ್ಯೂಸ್ಡ್ ಮೊಬಿಲಿಟಿ ಅಥವಾ ಅದರ ವಿಲೋಮ. 273.15 ಕೆಲ್ವಿನ್, 760 ಟಾರ್‌ಗೆ ಸರಿಹೊಂದಿಸಿದ ಮೊಬಿಲಿಟಿ ಅಂತ ಅರ್ಥ. ಅದರಿಂದ ಸಿಸಿಎಸ್‌ಗೆ ಹೋಗುವುದು ಮೇಸನ್–ಶಾಂಪ್ ಸಮೀಕರಣ. ಸ್ಥಿರಾಂಕಗಳನ್ನೆಲ್ಲ ಒಟ್ಟು ಮಾಡಿದರೆ ಹೀಗಾಗುತ್ತದೆ:

ಸಿಸಿಎಸ್ = 18509.86 × ಚಾರ್ಜ್ × ವಿಲೋಮ ಮೊಬಿಲಿಟಿ ÷ √(ರೆಡ್ಯೂಸ್ಡ್ ಮಾಸ್ × ತಾಪಮಾನ)

ರೆಡ್ಯೂಸ್ಡ್ ಮಾಸ್ ಅಂದರೆ ಅಯಾನಿನ ಮಾಸ್ ಮತ್ತು ಗ್ಯಾಸಿನ ಮಾಸಿನ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು. ಕ್ಯಾಲಿಬ್ರೆಂಟ್ ಆಗಿ ಸಾಮಾನ್ಯವಾಗಿ ಬಳಸುವ ಟ್ಯೂನ್ ಮಿಕ್ಸ್‌ನ 622.03 ಅಯಾನಿನಲ್ಲಿ ಮಾಡಿ ನೋಡೋಣ. ನೈಟ್ರೋಜನ್ 28.013. ರೆಡ್ಯೂಸ್ಡ್ ಮಾಸ್ 26.81. ತಾಪಮಾನ 305 ಕೆಲ್ವಿನ್. ಎರಡರ ಗುಣಲಬ್ಧದ ವರ್ಗಮೂಲ 90.4. ವಿಲೋಮ ಮೊಬಿಲಿಟಿ 0.9915. ಉತ್ತರ 203 ಚದರ ಆಂಗ್‌ಸ್ಟ್ರಾಮ್. ಇದೇ ಮಿಶ್ರಣದ 922ಕ್ಕೆ 243.6, 1222ಕ್ಕೆ 282.2 ಬರಬೇಕು. ನಿಮ್ಮ ಎಕ್ಸೆಲ್ ಹಾಳೆ ಈ ಮೂರನ್ನೂ ಸರಿಯಾಗಿ ಕೊಟ್ಟರೆ ಮಾತ್ರ ಪಾಲಿಮರಿಗೆ ಬಳಸಿ.

ಎರಡು ಎಚ್ಚರಿಕೆ. ಸೂತ್ರದಲ್ಲಿ ಹಾಕಬೇಕಾದದ್ದು ಮಾಸ್, ಎಂ/ಜೆಡ್ ಅಲ್ಲ. ಎರಡು ಚಾರ್ಜಿನ ಅಯಾನಿಗೆ ಎಂ/ಜೆಡ್ ಹಾಕಿದರೂ ಉತ್ತರ ಸ್ವಲ್ಪವೇ ತಪ್ಪುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯದು, ನೈಟ್ರೋಜನ್‌ನಲ್ಲಿ ಬಂದ ಸಿಸಿಎಸ್ ಹೀಲಿಯಂನದಕ್ಕಿಂತ ದೊಡ್ಡದು. ಹಳೆಯ ಪ್ರಬಂಧಗಳ ಹೀಲಿಯಂ ಸಂಖ್ಯೆಗೆ ನಿಮ್ಮ ನೈಟ್ರೋಜನ್ ಸಂಖ್ಯೆ ಹೋಲಿಸಬೇಡಿ.

ಹಂತ 9: ಸರಪಳಿ ಮಡಚಿಕೊಳ್ಳುವುದನ್ನು ನೋಡುವುದು

ಇದೇ ಇಡೀ ಕೆಲಸದ ರುಚಿ ಇರುವ ಜಾಗ. ಅಡ್ಡಕ್ಕೆ ಕೊಂಡಿಗಳ ಸಂಖ್ಯೆ, ಉದ್ದಕ್ಕೆ ಸಿಸಿಎಸ್. ಪ್ರತಿ ಚಾರ್ಜಿಗೆ ಬೇರೆ ಬಣ್ಣ.

ಒಂದು ಸೋಡಿಯಂನ ಸಾಲು ನಯವಾಗಿ ಏರುತ್ತದೆ. ಸರಪಳಿಯ ಹಲವು ಆಮ್ಲಜನಕಗಳು ಸೋಡಿಯಂ ಕಡೆ ಮುಖ ಮಾಡಿ ಅದನ್ನು ಸುತ್ತಿಕೊಳ್ಳುತ್ತವೆ. ಒಟ್ಟು ಅಯಾನು ಉಂಡೆಯಂತೆ. ಉಂಡೆಯ ಗಾತ್ರ ಮಾಸಿನಷ್ಟು ಏರಿದರೆ ಅದರ ಮೈ ಮೂರನೇ ಎರಡರ ಘಾತದಲ್ಲಿ ಏರಬೇಕು. ಎರಡೂ ಅಕ್ಷವನ್ನು ಲಾಗ್ ಮಾಡಿ ಇಳಿಜಾರು ನೋಡಿ, 0.67ರ ಸುತ್ತಮುತ್ತ ಇದ್ದರೆ ಉಂಡೆ.

ಎರಡು ಸೋಡಿಯಂನ ಸಾಲು ಶುರುವಾಗುವುದೇ ತಡವಾಗಿ. ಸಣ್ಣ ಸರಪಳಿ ಎರಡು ಚಾರ್ಜನ್ನು ದೂರ ದೂರ ಇಡಲಾರದು, ಹಾಗಾಗಿ ಆ ಅಯಾನು ಉಳಿಯುವುದೇ ಇಲ್ಲ. ಉಳಿಯುವಷ್ಟು ಉದ್ದವಾದಾಗ ಎರಡು ಸೋಡಿಯಂ ಒಂದನ್ನೊಂದು ತಳ್ಳಿ ಸರಪಳಿ ಎಳೆದು ನಿಲ್ಲುತ್ತದೆ. ಆ ಭಾಗದಲ್ಲಿ ಇಳಿಜಾರು ಒಂದರ ಹತ್ತಿರ. ಇನ್ನೂ ಕೊಂಡಿ ಸೇರುತ್ತಾ ಹೋದಂತೆ ಒಂದು ಹಂತದಲ್ಲಿ ಸರಪಳಿಯ ಒಳಗಿನ ಸೆಳೆತ ಚಾರ್ಜಿನ ತಳ್ಳಾಟಕ್ಕಿಂತ ಹೆಚ್ಚಾಗುತ್ತದೆ. ಆಗ ಸಾಲು ಚಪ್ಪಟೆಯಾಗುತ್ತದೆ ಅಥವಾ ಕೆಳಗೂ ಇಳಿಯುತ್ತದೆ. ಕೊಂಡಿ ಹೆಚ್ಚಾಯಿತು, ಮೈ ಕಡಿಮೆಯಾಯಿತು! ಅಲ್ಲಿಂದ ಮುಂದೆ ಮತ್ತೆ ಉಂಡೆಯ ದಾರಿ. ಮೂರು ಚಾರ್ಜಿನಲ್ಲಿ ಈ ಮುರಿತ ಇನ್ನೂ ಉದ್ದದ ಸರಪಳಿಯಲ್ಲಿ ಬರುತ್ತದೆ, ಒಂದಕ್ಕಿಂತ ಹೆಚ್ಚು ಮೆಟ್ಟಿಲಲ್ಲೂ ಬರಬಹುದು. ಮುರಿತದ ಆಸುಪಾಸಿನ ಕೊಂಡಿಗಳಲ್ಲಿ ಮೊಬಿಲಿಟಿ ಗೆರೆ ಎರಡಾಗಿ ಒಡೆದಿದ್ದರೆ ಎರಡು ಆಕಾರಗಳೂ ಒಟ್ಟಿಗೆ ಇವೆ ಅಂತ. ಅಂಥ ಕಡೆ ಸರಾಸರಿ ತೆಗೆಯಬೇಡಿ, ಎರಡನ್ನೂ ಗುರುತಿಸಿ.

ಇದೇ ಗ್ರಾಫನ್ನು ಲಿಥಿಯಂಗೂ ಹಾಕಿ. ಲೋಹದ ಅಯಾನಿನ ಗಾತ್ರ ಬದಲಾದರೆ ಮುರಿಯುವ ಜಾಗ ಬದಲಾಗಬಹುದು. ಅಂದರೆ ನೀವು ಅಳೆಯುತ್ತಿರುವುದು ಪಿಇಜಿಯನ್ನಲ್ಲ, ಪಿಇಜಿ ಮತ್ತು ಲೋಹದ ಜೋಡಿಯನ್ನು, ಅದೂ ಗ್ಯಾಸಿನೊಳಗೆ, ನೀರಿಲ್ಲದೆ. ‘ದ್ರಾವಣದಲ್ಲಿ ಪಾಲಿಮರ್ ಉಂಡೆಯಾಗಿದೆ’ ಅಂತ ಇದರಿಂದ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಹೋಲಿಕೆಗೆ ಮಾಡೆಲ್ ಬೇಕೆಂದರೆ ಮಾಲಿಕ್ಯುಲರ್ ಡೈನಾಮಿಕ್ಸ್‌ನಲ್ಲಿ ಆಕಾರಗಳನ್ನು ಹುಟ್ಟಿಸಿ, ಮಾಬ್‌ಕ್ಯಾಲ್‌ನಂಥ ಪ್ರೋಗ್ರಾಂನಲ್ಲಿ ಸಿಸಿಎಸ್ ಲೆಕ್ಕ ಹಾಕಬಹುದು. ಲ್ಯಾಪ್‌ಟಾಪ್ ಸಾಕು, ಆದರೆ ರಾತ್ರಿಯಿಡೀ ಓಡಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನೆನಪಿರಲಿ, ನಡುನಡುವೆ ಸೇವ್ ಆಗುವಂತೆ ಸೆಟ್ ಮಾಡಿ.

ಹಂತ 10: ಒಡೆದು ನೋಡುವುದು

ಮೊಬಿಲಿಟಿ ಆದ ಮೇಲೆ ಅಯಾನನ್ನು ಒಡೆದರೆ ತುಣುಕುಗಳೂ ತಾಯಿ ಅಯಾನಿನ ಮೊಬಿಲಿಟಿ ಸಮಯದಲ್ಲೇ ಕಾಣುತ್ತವೆ. ಯಾವ ತುಣುಕು ಯಾರದು ಅಂತ ಹುಡುಕುವ ಕಷ್ಟ ಇಲ್ಲ. ಆದರೆ ಸೋಡಿಯಂ ಹಿಡಿದ ಪಿಇಜಿ ಒಡೆಯಲು ಹೋದರೆ ಬಹಳ ಸಲ ಸೋಡಿಯಂ ಕಳಚಿ ಹೋಗುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಲಿಥಿಯಂ ಗಟ್ಟಿಯಾಗಿ ಹಿಡಿದಿರುವುದರಿಂದ ಸರಪಳಿಯೇ ತುಂಡಾಗುತ್ತದೆ. ಲಿಥಿಯಂ ಸೆಟ್ ಮಾಡಿಸಿದ್ದಕ್ಕೆ ಇದು ಇನ್ನೊಂದು ಕಾರಣ. ಅಮೋನಿಯಂ ಹಿಡಿದದ್ದು ಅಮೋನಿಯಾ ಬಿಟ್ಟು 45, 89, 133, 177ರ ಗೆರೆ ಕೊಡುತ್ತದೆ. ಆ ನಾಲ್ಕು ಕಂಡರೆ ಎಥಿಲೀನ್ ಆಕ್ಸೈಡ್ ಸರಪಳಿ ಇದೆ ಅಂತ ಗಟ್ಟಿಯಾಗಿ ಹೇಳಬಹುದು.

ಈಗ ಸ್ಟಿಕ್ಕರ್

ಬಾಟಲಿಯ ದ್ರವ ಬಹಳ ಗಟ್ಟಿ. ಒಂದು ಮೈಕ್ರೋಲೀಟರ್ ಅನ್ನು ಒಂದು ಮಿ.ಲೀ. ಮೆಥನಾಲ್‌ಗೆ, ಅದರಿಂದ ಮತ್ತೆ ಒಂದು ಮೈಕ್ರೋಲೀಟರ್ ಇನ್ನೊಂದು ಮಿ.ಲೀ.ಗೆ. ಹತ್ತು ಲಕ್ಷ ಪಟ್ಟು ತೆಳು. ಸಿಗ್ನಲ್ ಕಡಿಮೆ ಅನ್ನಿಸಿದರೆ ಆಮೇಲೆ ಗಟ್ಟಿ ಮಾಡಿ. ತಲೆಕೆಳಗು ಮಾಡಿದರೆ ಸೋರ್ಸ್ ಬಿಚ್ಚಿ ತೊಳೆಯಬೇಕಾಗುತ್ತದೆ. ತೋಟದ ಬ್ಯಾರಲ್‌ನಲ್ಲಿ ಕಲಸಿಟ್ಟದ್ದನ್ನು ತರಲೇಬೇಡಿ, ಅದರಲ್ಲಿ ತಾಮ್ರ, ಸುಣ್ಣ ಎಲ್ಲ ಇದೆ.

ನಕ್ಷೆಯಲ್ಲಿ 44ರ ಅಂತರದ ಸಾಲು ಒಂದೇ ಇರುತ್ತದೆ ಅಂತ ಕಾಯಬೇಡಿ. ಬೇರೆ ಬೇರೆ ತುದಿಯ ಎರಡು ಮೂರು ಸಾಲು, ಜೊತೆಗೆ ತುದಿಗಳಲ್ಲಿ ಹೆಚ್ ಮತ್ತು ಓಹೆಚ್ ಅಷ್ಟೇ ಇರುವ ಸಾದಾ ಪಿಇಜಿಯ ಸಾಲು ಸಾಮಾನ್ಯ. ಎಣ್ಣೆಯಂಥ ಬಾಲ ಸೋಡಿಯಂ ಸುತ್ತ ಸುತ್ತಿಕೊಳ್ಳುವುದಿಲ್ಲ, ಹೊರಗೆ ಚಾಚಿಕೊಂಡಿರುತ್ತದೆ. ಹಾಗಾಗಿ ಬಾಲ ಇರುವ ಸಾಲಿಗೂ ಸಾದಾ ಪಿಇಜಿ ಸಾಲಿಗೂ ಮೊಬಿಲಿಟಿಯಲ್ಲಿ ವ್ಯತ್ಯಾಸ ಹುಡುಕಿ. ಪ್ರತಿ ಸಾಲಿಗೂ ಶೇಷ ಲೆಕ್ಕ ಹಾಕಿ, ತುದಿ ಬರೆಯಿರಿ.

ನೋನೈಲ್‌ಫೀನಾಲ್ ಸಾಲು ಸಿಕ್ಕರೆ ಅದು ಸುಮ್ನೆ ಒಂದು ಗೆರೆ ಅಲ್ಲ. ಇವು ಮಣ್ಣು ನೀರಿನಲ್ಲಿ ಸರಪಳಿ ಕಳೆದುಕೊಂಡು ನೋನೈಲ್‌ಫೀನಾಲ್ ಆಗುತ್ತವೆ. ಮೀನುಗಳಲ್ಲಿ ಅದು ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ. ಯುರೋಪಿಯನ್ ಒಕ್ಕೂಟ 2003ರಲ್ಲೇ ಇದರ ಬಳಕೆಗೆ ಕಡಿವಾಣ ಹಾಕಿತು. ನಮ್ಮ ತೋಟಗಳ ತೋಡುಗಳು ಕಾವೇರಿಗೆ ಸೇರುತ್ತವೆ ಅಲ್ವಾ? ಆದರೂ ಒಂದು ಬಾಟಲಿ ನೋಡಿ ಕಂಪನಿ ಹೆಸರು ಹಾಕಿ ವಾಟ್ಸಾಪ್‌ಗೆ ಬಿಡಬೇಡಿ. ಈ ವಿಧಾನ ಏನಿದೆ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಬೇರೆ ಬೇರೆ ತುದಿಯ ಸರಪಳಿಗಳು ಬೇರೆ ಬೇರೆ ಸುಲಭದಲ್ಲಿ ಅಯಾನಾಗುತ್ತವೆ, ಗೆರೆಯ ಎತ್ತರ ನೋಡಿ ಶೇಕಡಾ ಲೆಕ್ಕ ಹಾಕುವಂತಿಲ್ಲ.

ವರದಿಯಲ್ಲಿ ಏನಿರಬೇಕು

ಪ್ರತಿ ಸಿಸಿಎಸ್ ಸಂಖ್ಯೆಯ ಜೊತೆ ಇವು ಇರಲಿ: ಯಂತ್ರದ ಬಗೆ, ಗ್ಯಾಸ್, ತಾಪಮಾನ, ಯಾವ ಕ್ಯಾಲಿಬ್ರೆಂಟ್, ಯಾವ ಲೋಹ, ಎಷ್ಟು ಚಾರ್ಜ್, ಸೋರ್ಸ್ ವೋಲ್ಟೇಜ್. ಬರೀ ‘ಸಿಸಿಎಸ್ 310’ ಅಂತ ಬರೆದರೆ ಬೇರೆಯವರು ಅದನ್ನು ಯಾವುದಕ್ಕೂ ಬಳಸಲಾರರು. ಕ್ಯಾಲಿಬ್ರೆಂಟ್ ಪ್ರೋಟೀನಿನ ಜಾತಿಯದಾಗಿದ್ದು ಸ್ಯಾಂಪಲ್ ಪಾಲಿಮರ್ ಆಗಿದ್ದರೆ ಅದನ್ನೂ ಬಾಯ್ಬಿಟ್ಟು ಬರೆಯಿರಿ.

ಪಿಇಜಿಯಲ್ಲಿ ಕೈ ಕುದುರಿದ ಮೇಲೆ ಏನು ಮಾಡಬಹುದು ಅಂತ ಕೇಳುವವರಿಗೆ ಕಾಫಿ ಬೀಜವೇ ಇದೆ. ಅದರಲ್ಲಿ ಗ್ಯಾಲಕ್ಟೋಮನ್ನಾನ್, ಅರಬಿನೋಗ್ಯಾಲಕ್ಟನ್ ಎಂಬ ಸಕ್ಕರೆ ಸರಪಳಿಗಳಿವೆ. ಸಣ್ಣ ತುಂಡುಗಳಾಗಿ ಕಡಿದು ಸೋಡಿಯಂ ಹಾಕಿದರೆ 162.053ರ ಏಣಿ ಬರುತ್ತದೆ. ಮನ್ನೋಸ್, ಗ್ಯಾಲಕ್ಟೋಸ್ ಎರಡಕ್ಕೂ ಒಂದೇ ಮಾಸ್, ಕವಲೊಡೆದ ಸರಪಳಿಗೂ ನೇರ ಸರಪಳಿಗೂ ಒಂದೇ ಮಾಸ್. ಮಾಸ್ ಸ್ಪೆಕ್ಟ್ರೋಮೀಟರ್ ಒಂದೇ ಇದ್ದರೆ ಅಲ್ಲಿ ಕೈ ಕಟ್ಟಿ ಕೂರಬೇಕು. ಮೊಬಿಲಿಟಿ ಇದ್ದರೆ ಒಂದೇ ಎಂ/ಜೆಡ್ ಕೆಳಗೆ ಎರಡು ಮೂರು ಗುಬ್ಬು ಕಾಣುವ ಸಾಧ್ಯತೆ ಇದೆ. ಅದಕ್ಕೆ ಕ್ಯಾಲಿಬ್ರೆಂಟ್ ಆಗಿ ಪ್ರೋಟೀನ್ ಜಾತಿಯ ಪಾಲಿಅಲನೀನ್ ಬದಲು ಸಕ್ಕರೆ ಸರಪಳಿಯಾದ ಡೆಕ್ಸ್‌ಟ್ರಾನ್ ತೆಗೆದುಕೊಳ್ಳಿ, ಸ್ಯಾಂಪಲನ್ನು ಅರ್ಧ ಮೆಥನಾಲ್ ಅರ್ಧ ನೀರಿನಲ್ಲಿ ಕರಗಿಸಿ. ಬರೀ ಮೆಥನಾಲ್ ಆದರೆ ಉದ್ದದ ತುಂಡುಗಳು ವಯಲ್ ತಳದಲ್ಲೇ ಕೂತುಬಿಡುತ್ತವೆ.